ನಿಕೋಟಿನ್ ಗಮ್: ಕಾಫಿಯ ಹೊತ್ತೊಂದನ್ನು ಬಿಟ್ಟು

ಸಿಗರೇಟು ಬಿಡಬೇಕೆನ್ನುವವರಿಗೆ ಮೆಡಿಕಲ್ ಸ್ಟೋರಿನಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ಮನ್ನು ಬಿಟ್ಟ ಹೊಸತರ ವಾರಗಳಲ್ಲಿ ಬಳಸಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ಕೊಂಡದ್ದು ಯಾವ ಕಂಪನಿಯದೆಂದು ಹೇಳುವುದಿಲ್ಲ. ಒಳಗಿರುವ ಔಷಧವೂ ಅದನ್ನು ಬಳಸುವ ಕ್ರಮವೂ ಎಲ್ಲದರಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹೆಸರಿನಿಂದ ಓದುಗರಿಗೆ ಲಾಭವೇನೂ ಇಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೈಯ ಚಡಪಡಿಕೆಗೆ ಈ ಗಮ್ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ನಮ್ಮ ಕಡೆ ಸೇದುವವರಿಗೆ ದಿನದಲ್ಲೇ ಅತ್ಯಂತ ಕಷ್ಟದ ಗಳಿಗೆಯಾದ ಕಾಫಿಯ ಹೊತ್ತಿನಲ್ಲಿ ಇದು ಕೈಕೊಡುತ್ತದೆ, ಮತ್ತು ಹಾಗಾಗುವುದಕ್ಕೆ ಕಾರಣವನ್ನು ಸೇದುವವನ ಮನೋಬಲದಲ್ಲಿ ಹುಡುಕುವ ಅಗತ್ಯವಿಲ್ಲ, ಅದು ಗಮ್ಮಿನ ರಸಾಯನದಲ್ಲೇ ಇದೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಗಮ್ಮನ್ನು ಬಾಯಿಗೆ ಹಾಕಿಕೊಂಡಾಗ ಸಿಗುವುದು ಪುದೀನದ ತಂಪು ಮತ್ತು ಮೇಲಿನ ಸಿಹಿ ಲೇಪದ ಗಟ್ಟಿತನ. ಅವಸರವಿಲ್ಲದೆ ಎಂಟು ಹತ್ತು ಸಲ ಜಗಿಯುವಷ್ಟರಲ್ಲಿ ನಾಲಿಗೆಯ ಅಂಚಿನಲ್ಲಿ ಕಾಳುಮೆಣಸಿನ ಚುರುಕು ಏಳುತ್ತದೆ, ಗಂಟಲಿನಲ್ಲಿ ಸಣ್ಣಗೆ ಕೆರೆತ ಶುರುವಾಗುತ್ತದೆ. ಅದು ಕಂಡ ಕೂಡಲೇ ಜಗಿಯುವುದನ್ನು ನಿಲ್ಲಿಸಿ, ಕಡ್ಡಿಪುಡಿ ಹಾಕುವವರು ದವಡೆಗೆ ಒತ್ತಿಕೊಳ್ಳುವಂತೆ, ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ಸರಿಸಿ ಇಡಬೇಕು. ಒಂದು ನಿಮಿಷದಲ್ಲಿ ಚುರುಕು ಇಳಿಯುತ್ತದೆ. ಆಗ ಮತ್ತೆ ಜಗಿದು, ಈ ಸಲ ಬಾಯಿಯ ಇನ್ನೊಂದು ಬದಿಗೆ ಇಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ಸಾಮಾನ್ಯ ಗಮ್ಮನ್ನು ಜಗಿದಂತೆ ಒಂದೇ ಸಮನೆ ಜಗಿದರೆ ನಿಕೋಟಿನ್ ಬಾಯಿಯ ಒಳಪೊರೆಯಿಂದ ರಕ್ತಕ್ಕೆ ಸೇರುವ ಬದಲು ಜೊಲ್ಲಿನೊಡನೆ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿಂದ ಹೀರಿಕೆಯಾದದ್ದರಲ್ಲಿ ಬಹುಪಾಲನ್ನು ಯಕೃತ್ತು ಮೊದಲೇ ಕರಗಿಸಿಬಿಡುವುದರಿಂದ ಕೈಗೆ ಹತ್ತುವುದು ಬಿಕ್ಕಳಿಕೆ ಮತ್ತು ಎದೆಯುರಿ ಮಾತ್ರ. "ನಾನೂ ಗಮ್ ತಿಂದು ನೋಡಿದೆ, ಏನೂ ಆಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಹೀಗೆ ಜಗಿದವರೇ ಇರಬೇಕೆಂದು ನನ್ನ ಅನುಮಾನ.

ಸರಿಯಾಗಿ ಬಳಸಿದರೂ ಸಿಗರೇಟಿನ ವೇಗವನ್ನು ಇದರಿಂದ ನಿರೀಕ್ಷಿಸಬಾರದು. ಹೊಗೆಯ ಮೂಲಕ ನಿಕೋಟಿನ್ ಮಿದುಳನ್ನು ಮುಟ್ಟಲು ಹತ್ತಿಪ್ಪತ್ತು ಸೆಕೆಂಡು ಸಾಕು. ಗಮ್ಮಿನಿಂದ ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠಕ್ಕೆ ಏರಲು ಅರ್ಧ ಗಂಟೆಯಾದರೂ ಬೇಕು. ಸೇದಬೇಕೆಂಬ ಒಂದೊಂದು ತುಡಿತವಾದರೋ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುವಂಥದ್ದು. ಆದ್ದರಿಂದ ತುಡಿತ ಎದ್ದ ಮೇಲೆ ಗಮ್ಮಿಗಾಗಿ ಜೇಬು ತಡಕುವುದರಲ್ಲಿ ಅರ್ಥ ಕಡಿಮೆ. ಮೊದಲ ವಾರಗಳಲ್ಲಿ ಎಚ್ಚರವಿರುವಷ್ಟು ಹೊತ್ತು ಗಂಟೆಗೋ ಎರಡು ಗಂಟೆಗೋ ಒಂದರಂತೆ, ಬೇಕೆನ್ನಿಸಲಿ ಬಿಡಲಿ, ತೆಗೆದುಕೊಳ್ಳುತ್ತಿದ್ದರೆ ಮಾತ್ರ ನೆಲಮಟ್ಟದ ಚಡಪಡಿಕೆ ಹತೋಟಿಯಲ್ಲಿರುತ್ತದೆ. ಹೀಗೆ ಬಳಸಿದಾಗ ಎರಡನೆಯ ಮೂರನೆಯ ದಿನ, ಅಂದರೆ ಸಿಡುಕು, ತಲೆಭಾರ, ಮಾಡುವ ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲವೂ ತಾರಕಕ್ಕೇರುವ ದಿನಗಳಲ್ಲಿ, ಕಚೇರಿಯ ಕೆಲಸವನ್ನು ಒಂದು ಮಟ್ಟಿಗೆ ಮಾಡಿ ಮುಗಿಸಲು ಸಾಧ್ಯವಾಯಿತು. ನಿಕೋಟಿನ್ ಬದಲಿ ಚಿಕಿತ್ಸೆಯ, ಅಂದರೆ ಹೊಗೆಯ ಬದಲು ಗಮ್, ಪ್ಯಾಚ್ ಮುಂತಾದವುಗಳಿಂದ ನಿಕೋಟಿನ್ ಕೊಡುವ ಕ್ರಮದ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ಪರಾಮರ್ಶೆಯ ಪ್ರಕಾರ ಇದರಿಂದ ಬಿಡುವ ಸಾಧ್ಯತೆ ಶೇ. 50ರಿಂದ 60ರಷ್ಟು ಹೆಚ್ಚುತ್ತದೆ. ಹೆಚ್ಚುವುದು ಸಾಧ್ಯತೆ ಮಾತ್ರ. ಗಮ್ ಹಿಡಿದವರೆಲ್ಲ ಬಿಟ್ಟೇಬಿಡುತ್ತಾರೆಂದು ಯಾರೂ ಹೇಳಿಲ್ಲ.

ಇದರ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಲುಂಡ್‌ನ ಸಂಶೋಧಕರು, ಸಬ್‌ಮೆರೀನಿನೊಳಗೆ ಸೇದಲಾಗದ ನಾವಿಕರು ಬಾಯಲ್ಲಿ ತಂಬಾಕು ಇಟ್ಟುಕೊಂಡು ಸಮಾಧಾನ ಪಡುವುದನ್ನು ಗಮನಿಸಿ, ಓವೆ ಫೆರ್ನೊ ಎಂಬ ಔಷಧ ವಿಜ್ಞಾನಿಗೆ ತಿಳಿಸಿದರು. ಅಲ್ಲಿಂದ ಹೊರಟ ಗಮ್ 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರಾಟಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ, ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿವೆ. ಸಬ್‌ಮೆರೀನಿನಲ್ಲಿ ದರ್ಶಿನಿ ಇರಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ನೆನಪಿಡಬೇಕು.

ಕಾಫಿಯ ವಿಷಯಕ್ಕೆ ಬರುತ್ತೇನೆ. ನಿಕೋಟಿನ್ ಕ್ಷಾರ ಗುಣದ ವಸ್ತು; ಬಾಯಿಯ ಪಸೆ ಕ್ಷಾರೀಯವಾಗಿದ್ದಾಗ ಮಾತ್ರ ಅದು ಒಳಪೊರೆಯನ್ನು ಸರಾಗವಾಗಿ ದಾಟುತ್ತದೆ. ಅದಕ್ಕೆಂದೇ ಗಮ್ಮಿನೊಳಗೆ ಜೊಲ್ಲನ್ನು ಕ್ಷಾರೀಯಗೊಳಿಸುವ ಲವಣಗಳನ್ನು ಸೇರಿಸಿರುತ್ತಾರೆ. ಕಾಫಿ, ನಿಂಬೆ ಶರಬತ್ತು, ಕೋಲಾ ಮುಂತಾದವು ಆಮ್ಲೀಯವಾದ್ದರಿಂದ ಈ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಹೀಗಾಗಿ ಗಮ್ ಹಾಕುವ ಮುಂಚಿನ ಹದಿನೈದು ನಿಮಿಷ ಮತ್ತು ಅದು ಬಾಯಲ್ಲಿರುವಷ್ಟು ಹೊತ್ತು ಏನನ್ನೂ ತಿನ್ನಬಾರದು, ಕುಡಿಯಬಾರದು ಎಂಬ ನಿಯಮವಿದೆ. ಬೆಳಗಿನ ಕಾಫಿಯ ಕೊನೆಯ ಗುಟುಕಿಗೂ ಮೊದಲ ಸಿಗರೇಟಿಗೂ ನಡುವೆ ಒಂದು ನಿಮಿಷದ ಅಂತರವನ್ನೂ ಇಡದೆ ವರ್ಷಗಟ್ಟಲೆ ಬದುಕಿದವರಿಗೆ ಈ ನಿಯಮದ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ: ತುಡಿತ ಎಲ್ಲಕ್ಕಿಂತ ಜೋರಾಗಿ ಏಳುವ ಆ ಹದಿನೈದು ನಿಮಿಷ ಗಮ್ ನಿಮ್ಮ ಪಾಲಿಗೆ ಇಲ್ಲ. ಬಿಡುವವರಿಗೆ ಎಲ್ಲರೂ ಕೊಡುವ ಇನ್ನೊಂದು ಸಲಹೆ, ತುಡಿತ ಬಂದಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ ಎಂಬುದು, ಒಳ್ಳೆಯದೇ ಆದರೂ ಗಮ್ ಬಾಯಲ್ಲಿರುವಾಗ ಪಾಲಿಸುವಂತಿಲ್ಲ. ಔಷಧವೆಲ್ಲ ನೀರಿನೊಡನೆ ಹೊಟ್ಟೆಗೆ ಹೋಗುತ್ತದೆ.

ಕಾಫಿಯ ಇನ್ನೊಂದು ಉಪದ್ರವವನ್ನು ಗಮ್ಮಿನ ಯಾವ ಡಬ್ಬಿಯ ಮೇಲೂ ನಾನು ಓದಲಿಲ್ಲ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ, ಆ ಕಿಣ್ವ ಕೆಫೀನನ್ನು ಬೇಗ ಬೇಗ ಕರಗಿಸುತ್ತದೆ. ಸೇದುವವರು ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿದೂ ನಿದ್ದೆ ಮಾಡಬಲ್ಲದ್ದು ಇದರಿಂದಾಗಿ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಸಹಜ ಮಟ್ಟಕ್ಕೆ ಇಳಿಯುತ್ತದೆ, ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿ ಉಳಿಯುವ ಕೆಫೀನ್ ಏರುತ್ತದೆ. ಈ ಕೆಲಸ ಹೊಗೆಯದೇ ಹೊರತು ನಿಕೋಟಿನ್ನಿನದಲ್ಲವಾದ್ದರಿಂದ ಗಮ್ ಇಲ್ಲಿ ಏನೂ ಮಾಡಲಾರದು. ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ಎರಡಕ್ಕೆ ಕಣ್ಣು ತೆರೆದುಕೊಂಡು ಮಲಗಿರುವುದು ಇವನ್ನೆಲ್ಲ ಸಿಗರೇಟು ಬಿಟ್ಟ ಸಂಕಟವೆಂದೇ ತಿಳಿದು ಮತ್ತೆ ಅಂಗಡಿಗೆ ನಡೆದವರು ಎಷ್ಟು ಮಂದಿಯೋ.

ನನ್ನ ಮಟ್ಟಿಗೆ ನೆರವಾದದ್ದು ಸರದಿಯನ್ನು ತಿರುಗಿಸಿದ್ದು. ಎದ್ದ ಕೂಡಲೇ ಗಮ್, ಅದು ಮುಗಿದ ಅರ್ಧ ಗಂಟೆಯ ಮೇಲೆ ಕಾಫಿ. ಆಗ ಕಾಫಿ ಕುಡಿಯುವ ಹೊತ್ತಿಗೆ ರಕ್ತದಲ್ಲಿ ಒಂದಿಷ್ಟು ನಿಕೋಟಿನ್ ಸೇರಿಯಾಗಿರುತ್ತದೆ. ಸಂಜೆಯ ಕಾಫಿಯನ್ನು ಬೈ-ಟುಗೆ ಇಳಿಸಿದರೆ ಕೆಫೀನೂ ಅರ್ಧವಾಗುತ್ತದೆ, ಜೊತೆಗೊಬ್ಬ ಸೇದದ ಗೆಳೆಯನೂ ಬೇಕಾಗುತ್ತಾನೆ, ಇದು ಸಣ್ಣ ಲಾಭವಲ್ಲ. ಕಾಫಿ ಮುಗಿದ ಮೇಲಿನ ಖಾಲಿ ನಿಮಿಷಗಳಿಗೆ ಒಂದು ಲವಂಗ ಅಥವಾ ಏಲಕ್ಕಿ ಸಾಕಾಗುತ್ತದೆ. ದರ್ಶಿನಿಯ ಹೊರಗಿನ ಎತ್ತರದ ಮೇಜಿನ ಬದಲು ಒಳಗೆ, ಕಾಫಿ ಕೊಡುವ ಕೌಂಟರಿನ ಪಕ್ಕದಲ್ಲೇ ನಿಂತು ಕುಡಿಯುವುದು ಬಾಲಿಶವೆನ್ನಿಸಬಹುದು. ಆದರೆ ಹೊರಗೆ ನಿಂತರೆ ಕಣ್ಣೆದುರಿಗೇ ಗೂಡಂಗಡಿ, ಅದರ ಕಂಬಕ್ಕೆ ದಾರದಲ್ಲಿ ಕಟ್ಟಿ ಇಳಿಬಿಟ್ಟ ಲೈಟರು, ಕೈಯಲ್ಲಿ ಕಾಫಿಯ ಚಿಲ್ಲರೆ. 2017ರಲ್ಲೇ ರಾಜ್ಯ ಸರ್ಕಾರ ಬಿಡಿ ಸಿಗರೇಟಿನ ಮಾರಾಟವನ್ನು ನಿಷೇಧಿಸಿದ್ದರೂ ಒಂದೊಂದಾಗಿ ಕೊಡುವ ಅಂಗಡಿಗಳು ಇನ್ನೂ ಇವೆ, ಹೊಸದಾಗಿ ಬಿಟ್ಟವನನ್ನು ಬೀಳಿಸುವುದು ಇಡೀ ಪ್ಯಾಕಲ್ಲ, ಈ ಒಂದು. "ಬಾರೋ, ಒಂದು ದಮ್ ಹೊಡೆದು ಬರೋಣ" ಎಂದು ಕರೆಯುವ ಸಹೋದ್ಯೋಗಿಗೆ ಬಾಯಲ್ಲಿ ಗಮ್ ಇದೆಯೆಂದು ಕೆನ್ನೆ ಮುಟ್ಟಿ ತೋರಿಸಿದರೆ ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಇದು ಔಷಧದ ಗುಣವಲ್ಲದಿದ್ದರೂ ಗಮ್ಮಿನ ಲೆಕ್ಕಕ್ಕೆ ಜಮಾ ಮಾಡಬೇಕಾದ ಅಂಶವೇ.

ಗಮ್ಮಿನ ಜೊತೆಗೇ ಬಳಸಿಕೊಳ್ಳಬಹುದಾದ ಒಂದು ಉಚಿತ ಸೇವೆಯ ಬಗ್ಗೆಯೂ ಹೇಳಬೇಕು. ತಂಬಾಕು ಬಿಡುವವರಿಗೆ ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356 ಅನ್ನು 2018ರ ಸೆಪ್ಟೆಂಬರಿನಿಂದ ಸಿಗರೇಟು ಪ್ಯಾಕಿನ ಮೇಲೆಯೇ, ಎಚ್ಚರಿಕೆಯ ಚಿತ್ರದೊಡನೆ, ಮುದ್ರಿಸಲಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಗಳಲ್ಲಿ ಒಂದಾಗಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು. "ಎದ್ದ ಮೇಲೆ ಮೊದಲನೇ ಸಿಗರೇಟು ಎಷ್ಟು ಹೊತ್ತಿಗೆ ಸರ್?" ಎಂದು ಆಪ್ತ ಸಮಾಲೋಚಕಿ ಕೇಳಿದರು. ಕಾಫಿ ಆದ ತಕ್ಷಣ ಎಂದೆ. "ಆ ಕಾಫಿ ಎದ್ದು ಎಷ್ಟು ಹೊತ್ತಿಗೆ?" ಎಂದು ಮತ್ತೆ ಕೇಳಿದರು. ಉಪದೇಶದ ಒಂದು ಮಾತೂ ಇಲ್ಲದೆ, ಯಾವ ಯಾವ ಹೊತ್ತು, ಯಾವ ಜಾಗ, ಯಾರ ಜೊತೆ ಎಂದು ಬಿಡಿಸಿ ಕೇಳುತ್ತಾ ಹೋದ ಆ ಮಾತುಕತೆಯಿಂದ ನನ್ನ ದಿನದ ಸಿಗರೇಟುಗಳಲ್ಲಿ ಮೈಗೆ ಬೇಕಾದವು ಯಾವುವು, ಬರೀ ಕೈಬಾಯಿಯ ರೂಢಿಯವು ಯಾವುವು ಎಂಬುದು ವಿಂಗಡವಾಯಿತು. ಗಮ್ಮಿನ ಪೆಟ್ಟಿಗೆ ಮಾಡಲಾರದ ಕೆಲಸ ಇದು. ಅವರ ಮೊದಲ ಪ್ರಶ್ನೆಗೆ ಲೆಕ್ಕಾಚಾರವೂ ಇದೆ: ಎದ್ದ ಅರ್ಧ ಗಂಟೆಯೊಳಗೆ ಸೇದುವವರಲ್ಲಿ ನಿಕೋಟಿನ್ ಅವಲಂಬನೆ ಹೆಚ್ಚು, ಅವರಿಗೆ 2 ಮಿಲಿಗ್ರಾಂ ಸಾಲುವುದಿಲ್ಲ, 4 ಮಿಲಿಗ್ರಾಂ ಬೇಕು, ಅದಕ್ಕೆ ವೈದ್ಯರ ಚೀಟಿ ಬೇಕಾಗುತ್ತದೆ.

ಕಾಫಿ ಬಿಡಲಾರದವರು ಆ ವೈದ್ಯರನ್ನೇ ನಿಕೋಟಿನ್ ಪ್ಯಾಚ್ ಬಗ್ಗೆಯೂ ಕೇಳುವುದು ಒಳಿತು. ಚರ್ಮಕ್ಕೆ ಅಂಟಿಸುವ ಪಟ್ಟಿಗೆ ಬಾಯಿಯ ಆಮ್ಲದ ಹಂಗಿಲ್ಲ. ದಿನವಿಡೀ ಅದು ನೆಲಮಟ್ಟವನ್ನು ಕಾಯುತ್ತದೆ, ಮೇಲೇಳುವ ತುಡಿತಗಳಿಗೆ ಗಮ್ ಇರುತ್ತದೆ. ಎರಡನ್ನೂ ಒಟ್ಟಿಗೆ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಫಲ ಹೆಚ್ಚೆಂಬುದು ಸಂಶೋಧನೆಗಳಿಂದ ಸ್ಥಿರವಾಗಿರುವ ಸಂಗತಿ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಗಮ್ಮನ್ನಷ್ಟೇ ಮುಂದೆ ಜೋಡಿಸಿಟ್ಟು ಪ್ಯಾಚನ್ನು ಕೇಳಿದವರಿಗೆ ಮಾತ್ರ ತೆಗೆದುಕೊಡುವ ವಾಡಿಕೆ ನನಗೆ ಅರ್ಥವಾಗಿಲ್ಲ.

ದೂರುಗಳು ಎರಡು. ಮೊದಲನೆಯದು ಸ್ಟ್ರಿಪ್ಪಿನದು. ಮಕ್ಕಳ ಕೈಗೆ ಸುಲಭವಾಗಿ ಬಿಚ್ಚಿಕೊಳ್ಳದಿರಲೆಂದು ಹಿಂಬದಿಯ ಹಾಳೆಯನ್ನು ಗಟ್ಟಿಯಾಗಿ ಮಾಡಿರುವುದು ಸರಿಯೇ. ಆದರೆ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಕಾಗದದ ಪದರ ಸುಲಿದು, ಆಮೇಲೆ ಒತ್ತಿ ತೆಗೆಯಬೇಕಾದ ಈ ವ್ಯವಸ್ಥೆಯಲ್ಲಿ ಕಾಗದ ಅರ್ಧಕ್ಕೇ ಹರಿದು, ಬೆರಳುಗಳು ಮೊದಲೇ ನಡುಗುತ್ತಿರುವಾಗ ಹಲ್ಲು ಬಳಸುವ ಸ್ಥಿತಿ ಬರುತ್ತದೆ. ಸಿಗರೇಟು ಪ್ಯಾಕನ್ನು ತೆರೆಯಲು ಇಷ್ಟು ಕಷ್ಟವಿದ್ದಿದ್ದರೆ ನಮ್ಮಲ್ಲಿ ಕೆಲವರು ಸೇದಲು ಕಲಿಯುತ್ತಲೇ ಇರಲಿಲ್ಲ. ಎರಡನೆಯದು ಗಂಭೀರವಾದದ್ದು: ಒಳಗಿಟ್ಟ ಸೂಚನೆಯ ಹಾಳೆಯಲ್ಲಿ ಒಂದಕ್ಷರ ಕನ್ನಡವಿಲ್ಲ. ಜಗಿದು ನಿಲ್ಲಿಸಿ ಕೆನ್ನೆಗಿಡಬೇಕೆಂಬ ಮಾತು, ಕಾಫಿಯ ನಿಷೇಧ, ಎರಡೂ ಭೂತಗನ್ನಡಿ ಬೇಡುವ ಇಂಗ್ಲಿಷ್ ಅಕ್ಷರಗಳಲ್ಲಿವೆ. ಮಾರಿದ ಅಂಗಡಿಯವರೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಬಳಸುವ ಕ್ರಮದ ಮೇಲೆಯೇ ಫಲ ನಿಂತಿರುವ ಔಷಧವನ್ನು ಹೀಗೆ ಮಾರುವುದು ಅರ್ಧ ಔಷಧವನ್ನು ಮಾರಿದ ಹಾಗೆಯೇ ಸರಿ.

ಅಳತೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ದಿನಕ್ಕೆ 24ನ್ನು ಮೀರಬಾರದು. ಮೊದಲ ಆರು ವಾರ ಗಂಟೆ ಎರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದರಂತೆ ಇಳಿಸಿ ಹನ್ನೆರಡು ವಾರಗಳಲ್ಲಿ ನಿಲ್ಲಿಸುವುದು ರೂಢಿಯ ಕ್ರಮ. ದವಡೆಯ ಕೀಲಿನ ನೋವಿರುವವರಿಗೆ, ಕಟ್ಟಿಸಿದ ಹಲ್ಲಿರುವವರಿಗೆ ಇದು ಹೊಂದುವುದಿಲ್ಲ. ಗರ್ಭಿಣಿಯರು ಮತ್ತು ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಜಗಿದು ಉಗಿದ ಗಮ್ಮಿನಲ್ಲೂ ನಿಕೋಟಿನ್ ಉಳಿದಿರುತ್ತದೆ. ಕಾಗದದಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು.

ಬೆಲೆಯನ್ನು ಸಿಗರೇಟಿನ ಜೊತೆಗಿಟ್ಟು ನೋಡಿದರೆ ದೂರಲು ಕಾರಣವಿಲ್ಲ, ಆದರೆ ಬೀಡಿ ಸೇದುವವರ ಪಾಲಿಗೆ ಈ ಗಮ್ ದುಬಾರಿಯೇ. ಮೊದಲಿಗೆ ಒಂದೇ ಸ್ಟ್ರಿಪ್ ಕೊಂಡು ನೋಡುವುದು ಮೇಲು. ಪುದೀನವಲ್ಲದೆ ಪಾನ್ ರುಚಿಯದೂ ಸಿಗುತ್ತದೆ. ಊಟದ ಮೇಲೆ ಎಲೆಯಡಿಕೆ ಹಾಕಿಕೊಂಡು ಸೇದುವ ಅಭ್ಯಾಸವಿದ್ದವರು ಅದನ್ನು ಕೊಳ್ಳದಿರಲಿ, ಆ ರುಚಿ ನಾಲಿಗೆಗೆ ತಗುಲಿದರೆ ಕೈ ತಾನಾಗಿ ಬೆಂಕಿಪೊಟ್ಟಣ ಹುಡುಕುತ್ತದೆ.