ಫಾರ್ಮಸಿಯೋ, ಫಾರ್ಮಕಾಲಜಿಯೋ?

ಎರಡೂ ಔಷಧವನ್ನೇ ಕುರಿತ ವಿಷಯಗಳಾದರೂ ವಿದ್ಯಾರ್ಥಿಯ ಮುಂದೆ ಅವು ಇಡುವ ಪ್ರಶ್ನೆಗಳು ಬೇರೆ. ವಾರ್ಫರಿನ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದು ಯಕೃತ್ತಿನಲ್ಲಿ ವಿಟಮಿನ್ ಕೆ ಮರುಬಳಕೆಯಾಗದಂತೆ ತಡೆದು, ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳ ತಯಾರಿಕೆಯನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಫಾರ್ಮಕಾಲಜಿ ಪ್ರಯೋಗಗಳ ಮೂಲಕ ಬಿಡಿಸಿ ನೋಡುತ್ತದೆ. ಫಾರ್ಮಸಿ ಓದುವವರು ಈ ಕ್ರಿಯೆಯನ್ನೂ ಕಲಿಯುತ್ತಾರೆ; ಆದರೆ ಅದೇ ರೋಗಿಯ ಚೀಟಿಯಲ್ಲಿ ಆಸ್ಪಿರಿನ್ ಕೂಡ ಇದ್ದರೆ ರಕ್ತಸ್ರಾವದ ಅಪಾಯವನ್ನು ಗುರುತಿಸಿ ವೈದ್ಯರ ಗಮನಕ್ಕೆ ತರುವುದು, ಪ್ರಮಾಣವನ್ನು ಪರಿಶೀಲಿಸುವುದು, ರೋಗಿಗೆ ತಿಳಿಯುವಂತೆ ಹೇಳುವುದು ಅವರ ಮುಖ್ಯ ಹೊಣೆ.

ಫಾರ್ಮಸಿಯ ಪಠ್ಯದಲ್ಲಿ ಔಷಧ ರಸಾಯನಶಾಸ್ತ್ರ, ಮಾತ್ರೆ ಮತ್ತು ಚುಚ್ಚುಮದ್ದುಗಳ ತಯಾರಿಕೆ, ಕಾನೂನು ಎಲ್ಲವೂ ಸೇರಿರುವುದರಿಂದ ಅದು ವಿಸ್ತಾರವಾದದ್ದು. 1847ರಲ್ಲಿ ಡೋರ್ಪಾಟ್ (ಇಂದಿನ ಎಸ್ಟೋನಿಯಾದ ಟಾರ್ಟು) ವಿಶ್ವವಿದ್ಯಾಲಯಕ್ಕೆ ಬಂದ ಜರ್ಮನ್ ವಿಜ್ಞಾನಿ ರುಡಾಲ್ಫ್ ಬುಖ್‌ಹೈಮ್ ತಮ್ಮ ಮನೆಯಲ್ಲೇ ಪ್ರಯೋಗಾಲಯ ತೆರೆದಂದಿನಿಂದ ಫಾರ್ಮಕಾಲಜಿ ಪ್ರಯೋಗವನ್ನೇ ನೆಚ್ಚಿಕೊಂಡಿದೆ.

ಫಾರ್ಮಸಿಸ್ಟ್ ಆಗಿ ನೋಂದಾಯಿಸಿಕೊಳ್ಳಲು ಸಾಮಾನ್ಯವಾಗಿ ಫಾರ್ಮಕಾಲಜಿ ಪದವಿಯೊಂದೇ ಸಾಲದು. ಆದರೆ ಫಾರ್ಮಸಿ ಪದವೀಧರರು ಮುಂದೆ ಸಂಶೋಧನೆಗೂ ಹೊರಳಬಹುದು. ಆದ್ದರಿಂದ ಮನಸ್ಸು ಇನ್ನೂ ಗಟ್ಟಿಯಾಗಿಲ್ಲದವರಿಗೆ ಫಾರ್ಮಸಿಯೇ ಲೇಸೆಂಬುದು ನನ್ನ ಅಭಿಪ್ರಾಯ. ಪ್ರಯೋಗಾಲಯದ ನಿಧಾನಗತಿಯೇ ಹಿಡಿಸುವವರ ಮಾತು ಬೇರೆ.