ಮೇಸ್ತ್ರಿ ‘ಸುಮ್ನ ಟ್ರಿಪ್ ಆಗತೈತಿ’ ಅಂದರೆ ನಂಬಬೇಡಿ

ಗದಗ-ಬೆಟಗೇರಿ ಕಡೆ ಮನೆ ಕಟ್ಟಿಸುತ್ತಿರುವವರು, ಹಳೆ ವೈರಿಂಗ್ ಬದಲಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜನವರಿಯಲ್ಲಿ ನಮ್ಮ ಅವ್ವನಿಗೆ ಬಚ್ಚಲಲ್ಲಿ ಶಾಕ್ ಹೊಡೆಯಿತು. ಜೀವ ಉಳಿಯಿತು, ಮೊಣಕೈ ಮುರಿಯಿತು. ಅದರಲ್ಲಿ ನನ್ನ ತಪ್ಪೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ದೀಪಾವಳಿಗೆ ಮೊದಲು. ಮೇನ್ ಬೋರ್ಡ್ ಬದಲಿಸಲು ಪರಿಚಯದವರ ಮಗನನ್ನು ಕರೆಸಿದ್ದೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದ, ಒಳ್ಳೆ ಮಾರ್ಕ್ಸ್, ಒಳ್ಳೆ ಹುಡುಗ. ಯಾವ ರೂಮಿಗೆ ಎಷ್ಟು ಲೋಡ್ ಅಂತ ಹಾಳೆ ಮೇಲೆ ಲೆಕ್ಕ ಹಾಕಿದ. 3 ಕಿಲೋವ್ಯಾಟ್ ಗೀಜರ್ 13 ಆಂಪಿಯರ್ ಎಳೆಯುತ್ತದೆ, 4 ಸ್ಕ್ವೇರ್ ಎಂಎಂ ವೈರ್ ಇರಲಿ ಅಂದ. ಖರ್ಚು ಜಾಸ್ತಿ ಅಂತ ನಾನು ಗೊಣಗಿದರೂ ಕೇಳದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್, ಹಾಕಿಸಿದ. ಅವನ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಮೀಟರ್ ಹಿಡಿದು ನೋಡಿದ, ಎಲ್ಲ ಕಡೆ 230 ವೋಲ್ಟ್.

ಹದಿನೈದು ದಿನ ಆಗಿರಬೇಕು. ಒಂದು ಸಂಜೆ ಗೀಜರ್ ಹಾಕಿದ ಕೂಡಲೇ ಪಡಸಾಲೆಯ ಫ್ಯಾನ್ ಎಂದೂ ಇಲ್ಲದ ಜೋರಿನಲ್ಲಿ ತಿರುಗತೊಡಗಿತು. ಬಲ್ಬುಗಳು ಕಣ್ಣು ಕುಕ್ಕುವಷ್ಟು ಉರಿದು ಆರಿದವು. ಟಿವಿ ಹೋಯಿತು, ಫ್ರಿಜ್ಜಿನ ಒಳಗಿನ ಬೋರ್ಡ್ ಸುಟ್ಟಿತು. ಒಂದೇ ಒಂದು ಎಂಸಿಬಿ ಬೀಳಲಿಲ್ಲ. ಎಂಸಿಬಿ ಬೀಳುವುದು ಕರೆಂಟ್ ಜಾಸ್ತಿ ಹರಿದಾಗ, ವೋಲ್ಟೇಜ್ ಏರಿದರೆ ಅದಕ್ಕೆ ಗೊತ್ತೇ ಆಗಲ್ಲ.

ಆಗ ಬಂದವರು ಇಪ್ಪತ್ತೈದು ವರ್ಷದಿಂದ ವೈರಿಂಗ್ ಮಾಡುತ್ತಿದ್ದ ಒಬ್ಬ ಮೇಸ್ತ್ರಿ. ಕಥೆ ಕೇಳಿಯೇ ‘ನ್ಯೂಟ್ರಲ್ ಹೋಗೇತಿ’ ಅಂದರು. ನ್ಯೂಟ್ರಲ್ ಅಂದರೆ ಕರೆಂಟ್ ವಾಪಸ್ ಹೋಗುವ ವೈರ್. ಕಂಬದ ಕಡೆಯಿಂದ ಕರೆಂಟ್ ಪೂರ್ತಿ ತೆಗೆಸಿ, ಹೊರಗಿನಿಂದ ಬರುವ ದಪ್ಪ ಅಲ್ಯೂಮಿನಿಯಂ ನ್ಯೂಟ್ರಲ್ ವೈರ್ ಹಿಡಿದು ಒಮ್ಮೆ ಜಗ್ಗಿದರು. ಕೈಗೇ ಬಂತು. ಹುಡುಗ ವೈರಿನ ಸಿಪ್ಪೆ ಸರಿಯಾಗಿ ಸುಲಿದಿರಲಿಲ್ಲ. ಸ್ಕ್ರೂ ಅರ್ಧ ಸಿಪ್ಪೆಯ ಮೇಲೆ ಕೂತಿತ್ತು. ಅಲ್ಯೂಮಿನಿಯಂ ಬೇರೆ ಮೆತ್ತಗಿನ ಲೋಹ, ಬಿಸಿಯಾಗಿ ತಣ್ಣಗಾಗಿ ಸ್ಕ್ರೂ ಕೆಳಗೆ ಸಡಿಲವಾಗುತ್ತಾ ಹೋಗುತ್ತದೆ. ಮೀಟರ್ ಹಿಡಿದಾಗ ಲೋಡ್ ಇರಲಿಲ್ಲ, ಹಾಗಾಗಿ 230 ತೋರಿಸಿತ್ತು. ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಬಿಟ್ಟರೆ ಕಡಿಮೆ ಲೋಡಿನ ಫೇಸಿಗೆ 400ರ ಹತ್ತಿರ ವೋಲ್ಟೇಜ್ ಬರಬಹುದು. ನಮ್ಮ ಟಿವಿ, ಫ್ರಿಜ್ ಇದ್ದದ್ದು ಅದೇ ಫೇಸಿನಲ್ಲಿ.

ಮೇಸ್ತ್ರಿ ಒಂದು ತಾಸಿನಲ್ಲಿ ಸರಿಮಾಡಿದರು. ಹೋಗುವಾಗ ‘ತಮ್ಮಾ, ಪುಸ್ತಕದಾಗ ಸ್ಕ್ರೂ ಬಿಗಿ ಮಾಡೂದು ಬರದಿರೂದಿಲ್ಲ’ ಅಂದರು. ನನಗೆ ಬಹಳ ಸರಿ ಅನ್ನಿಸಿತು. ಇನ್ನು ಮುಂದೆ ಓದಿದವರ ಸಹವಾಸವೇ ಬೇಡ ಅಂದುಕೊಂಡೆ. ನಾನು ತಪ್ಪಿದ್ದು ಇಲ್ಲೇ.

ಚಳಿಗಾಲದಲ್ಲಿ ಗೀಜರ್ ಹಾಕಿದಾಗೆಲ್ಲ ಆರ್‌ಸಿಸಿಬಿ ಬೀಳತೊಡಗಿತು. ಅದೇ ಮೇಸ್ತ್ರಿಯನ್ನು ಕರೆದೆ. ‘ಇದು ಸುಮ್ನ ಟ್ರಿಪ್ ಆಗತೈತಿ, ಎಂಸಿಬಿ ಐತಲ್ಲ, ಸಾಕು’ ಅಂದರು. ವೈರ್ ತಿರುಗಿಸಿ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿದರು. ಕಿರಿಕಿರಿ ತಪ್ಪಿತು ಅಂತ ನಾವೂ ಸುಮ್ಮನಾದೆವು.

ಆದರೆ ಆರ್‌ಸಿಸಿಬಿ ಸುಮ್ಮನೆ ಬೀಳುತ್ತಿರಲಿಲ್ಲ. ಹೋದ ಕರೆಂಟ್ ಅಷ್ಟೇ ವಾಪಸ್ ಬರುತ್ತಿದೆಯಾ ಅಂತ ನೋಡುವುದು ಅದರ ಕೆಲಸ. ಎಲ್ಲೋ ಸೋರಿದರೆ ಕಟ್ ಮಾಡುತ್ತದೆ. ನಮ್ಮ ಗೀಜರಿನ ಕಾಯಿಲ್ ಸೋರುತ್ತಿತ್ತು. ಅರ್ತ್ ಗುಂಡಿಗೆ ವರ್ಷಗಟ್ಟಲೆ ನೀರು ಹಾಕಿರಲಿಲ್ಲ, ನಮ್ಮ ಎರೆಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಸೋರಿದ ಕರೆಂಟ್ ಭೂಮಿಗೆ ಸರಿಯಾಗಿ ಇಳಿಯದೆ ನಲ್ಲಿಯ ತನಕ ಬಂತು. ವಾರದಿಂದ ಫ್ರಿಜ್ ಬಾಗಿಲು ಮುಟ್ಟಿದರೂ ಜುಮ್ ಅನ್ನುತ್ತಿತ್ತು. ಅವ್ವ ಎರಡು ಸಲ ಹೇಳಿದ್ದಳು. ಅರ್ತ್ ವೈರ್ ಇಡೀ ಮನೆಗೆ ಒಂದೇ ಅಂತ ನನಗೆ ಹೊಳೆಯಲೇ ಇಲ್ಲ.

ಆಮೇಲೆ ಬಂದ ಮೂರನೆಯವರ ಹತ್ತಿರ ವೈರ್‌ಮನ್ ಪರ್ಮಿಟ್ ಇತ್ತು, ಕೈಯಲ್ಲಿ ವೈರಿನ ಸೋರಿಕೆ ಅಳೆಯುವ ಮೆಗ್ಗರ್ ಇತ್ತು. ಒಂದೊಂದೇ ಲೈನ್ ಬಿಡಿಸಿ ಅಳೆದು ಗೀಜರ್ ಹಿಡಿದರು. ಅರ್ತಿಂಗ್ ಹೊಸದಾಗಿ ಮಾಡಿಸಿದರು. ಡಿಪ್ಲೊಮಾ ಹುಡುಗನ ಹಾಳೆ ನೋಡಿ ‘ಲೆಕ್ಕ ಬರೋಬ್ಬರಿ ಐತ್ರಿ’ ಅಂದಾಗ ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ನಾನು ಬೈದು ಕಳಿಸಿದ ಹುಡುಗ ಹಟ ಹಿಡಿದು ಹಾಕಿಸಿದ್ದ ಡಬ್ಬಿಯೇ ಅವ್ವನನ್ನು ಕಾಯುತ್ತಿತ್ತು.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಕೆಲಸಕ್ಕೆ ಬಂದವರ ಸರ್ಟಿಫಿಕೇಟ್ ನೋಡಿ ಸುಮ್ಮನಾಗಬೇಡಿ, ‘ಇಪ್ಪತ್ತೈದು ವರ್ಷದ ಅನುಭವ’ ಕೇಳಿಯೂ ಸುಮ್ಮನಾಗಬೇಡಿ. ಕಂಬದ ಕಡೆಯಿಂದಲೇ ಕರೆಂಟ್ ತೆಗೆಸಿ, ಪ್ರತಿ ವೈರನ್ನೂ ನಿಮ್ಮ ಎದುರೇ ಜಗ್ಗಿ ತೋರಿಸಲು ಹೇಳಿ; ಮೇನ್ ಆಫ್ ಮಾಡಿದರೂ ಹೊರಗಿನಿಂದ ಬರುವ ವೈರಿನಲ್ಲಿ ಕರೆಂಟ್ ಇರುತ್ತದೆ. ಗೀಜರ್, ಇಸ್ತ್ರಿ ಪೆಟ್ಟಿಗೆ ಎಲ್ಲ ಹಾಕಿದ ಮೇಲೆ ವೋಲ್ಟೇಜ್ ನೋಡಲು ಹೇಳಿ. ಆರ್‌ಸಿಸಿಬಿ ಬಿದ್ದರೆ ಯಾಕೆ ಬಿತ್ತು ಅಂತ ಕೇಳಿ. ಕಾರಣ ಹೇಳಲು ಬಾರದವರು ಅದನ್ನು ಮುಟ್ಟುವುದೇ ಬೇಡ. ತಿಂಗಳಿಗೊಮ್ಮೆ ಅದರ ಟಿ (ಟೆಸ್ಟ್) ಬಟನ್ ಒತ್ತಿ, ಮನೆಯ ಕರೆಂಟ್ ಹೋಗಲೇಬೇಕು. ಆದರೆ ಟಿ ಬಟನ್ ಕೆಲಸ ಮಾಡಿತು ಅಂದರೆ ಅರ್ತಿಂಗ್ ಸರಿ ಇದೆ ಅಂತ ಅರ್ಥ ಅಲ್ಲ, ಅದನ್ನು ಬೇರೆಯೇ ಅಳೆಸಬೇಕು.

ಅವ್ವನ ಕೈ ಈಗ ಕೂಡಿದೆ. ಗೀಜರ್ ನೀರು ಮಾತ್ರ ಮುಟ್ಟಲ್ಲ. ಹಿತ್ತಲಲ್ಲಿ ಹಂಡೆಗೆ ಉರಿ ಹಾಕಿ ಕಾಯಿಸಿಕೊಳ್ಳುತ್ತಾಳೆ. ನಾನು ದಿನಾ ಬೆಳಿಗ್ಗೆ ಎದ್ದು ನೀರು ತುಂಬಿಕೊಡುತ್ತೇನೆ.