ಆಟೊಮ್ಯಾಟಿಕ್ ಗೇರಿನ ಪೋರ್ಷೆ ಬಾಕ್ಸ್ಟರ್ 987: ಒಂದು ವಿಮರ್ಶೆ

ಎರಡು ಸೀಟಿನ, ಟಾಪ್ ತೆರೆಯುವ ಸ್ಪೋರ್ಟ್ಸ್ ಕಾರಾದ ಪೋರ್ಷೆ ಬಾಕ್ಸ್ಟರ್ ಕೊಳ್ಳಲು ಹೊರಟವರಿಗೆ ಸಿಗುವ ಮೊದಲ ಸಲಹೆ ಹೆಚ್ಚುಕಡಿಮೆ ಒಂದೇ: ಮ್ಯಾನುಯಲ್ ಗೇರ್ ಇರುವುದನ್ನೇ ಹುಡುಕಿ, ಆಟೊಮ್ಯಾಟಿಕ್ ಗೋಜಿಗೆ ಹೋಗಬೇಡಿ. ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿ, 2009ರ 2.9 ಲೀಟರ್, 987 ಪೀಳಿಗೆಯ ಬಾಕ್ಸ್ಟರ್ ಕಾರನ್ನು ಪಿಡಿಕೆ ಎಂಬ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನೊಂದಿಗೆ ಕೆಲವು ವರ್ಷಗಳಿಂದ ಓಡಿಸುತ್ತಿರುವ ನಾನು ಈ ಸಲಹೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪಿಡಿಕೆಗಿಂತ ಮುಂಚೆ ಇದ್ದ ಟಿಪ್‌ಟ್ರಾನಿಕ್ ಎಂಬ ಆಟೊಮ್ಯಾಟಿಕ್ ಗೇರಿನ ಮಟ್ಟಿಗೆ ಅದು ಸರಿಯಾದ ಮಾತು. ಪಿಡಿಕೆ ವಿಷಯದಲ್ಲಿ ಅದು ತಪ್ಪು ಮಾತ್ರವಲ್ಲ, ಕಾರಿನ ನಿಜವಾದ ಗುಣ ಯಾವುದರಲ್ಲಿದೆ ಎಂಬುದನ್ನೇ ಮರೆಸುವ ಮಾತು.

ಬಾಕ್ಸ್ಟರ್‌ನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1990ರ ದಶಕದ ಆರಂಭದಲ್ಲಿ ಪೋರ್ಷೆ ಕಂಪನಿಯ ಮಾರಾಟ ಕುಸಿದು, ಅದು ಸ್ವತಂತ್ರವಾಗಿ ಉಳಿಯುವುದೇ ಅನುಮಾನ ಎಂಬ ಸ್ಥಿತಿ ಇತ್ತು. 1993ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಗ್ರಾಂಟ್ ಲಾರ್ಸನ್ ಹೊರರೂಪ ಕೊಟ್ಟ ಪುಟ್ಟ ರೋಡ್‌ಸ್ಟರ್ ಮಾದರಿಯನ್ನು ಜನ ಮೆಚ್ಚಿದರು. ಅದೇ 1996ರಲ್ಲಿ 986 ಎಂಬ ಪೀಳಿಗೆಯ ಸಂಖ್ಯೆಯೊಂದಿಗೆ, 2.5 ಲೀಟರಿನ, 204 ಅಶ್ವಶಕ್ತಿಯ ಎಂಜಿನ್ ಹೊತ್ತು ಮಾರುಕಟ್ಟೆಗೆ ಬಂತು. ಬಾಗಿಲು, ಬಾನೆಟ್, ಮುಂದಿನ ದೀಪಗಳನ್ನು ಪೋರ್ಷೆಯ ಆಗಿನ ಹೊಸ 911 ಕಾರಿನೊಂದಿಗೆ ಹಂಚಿಕೊಂಡದ್ದರಿಂದ ಖರ್ಚು ಹಿಡಿತದಲ್ಲಿತ್ತು. ಕಂಪನಿ ಚೇತರಿಸಿಕೊಂಡದ್ದಕ್ಕೆ ಈ ಕಾರೂ ಒಂದು ದೊಡ್ಡ ಕಾರಣ. ಎಂಜಿನ್ನನ್ನು ನಡುವೆ ಇಡುವುದು ಪೋರ್ಷೆಗೆ ಹೊಸತೇನೂ ಆಗಿರಲಿಲ್ಲ. 1948ರಲ್ಲಿ ಆಸ್ಟ್ರಿಯದ ಗ್ಮುಂಡ್‌ನಲ್ಲಿ ತಯಾರಾದ, ಪೋರ್ಷೆ ಹೆಸರು ಹೊತ್ತ ಮೊಟ್ಟಮೊದಲ ರೋಡ್‌ಸ್ಟರ್‌ನಲ್ಲೂ ಎಂಜಿನ್ ಹಿಂದಿನ ಆಕ್ಸಲ್‌ಗಿಂತ ಮುಂದೆಯೇ ಇತ್ತು.

ಎಂಜಿನ್ ಎಲ್ಲಿದೆ ಎಂಬುದು ಬರಿಯ ತಾಂತ್ರಿಕ ವಿವರವಲ್ಲ. ಸೀಟುಗಳ ಬೆನ್ನಿಗೇ, ಹಿಂದಿನ ಚಕ್ರಗಳಿಗಿಂತ ಮುಂದೆ ಆರು ಸಿಲಿಂಡರ್‌ಗಳು ಎಡಕ್ಕೆ ಮೂರು, ಬಲಕ್ಕೆ ಮೂರರಂತೆ ಅಡ್ಡಡ್ಡ ಮಲಗಿರುವುದರಿಂದ ಭಾರವೆಲ್ಲ ಕಾರಿನ ಮಧ್ಯದಲ್ಲಿ, ನೆಲಕ್ಕೆ ಹತ್ತಿರದಲ್ಲಿ ಸೇರಿಕೊಂಡಿರುತ್ತದೆ. ಇದರ ಅರ್ಥ ತಿಳಿಯಬೇಕಾದರೆ ನೊಯ್ಫನ್ ಊರಿನಿಂದ ಶ್ವೇಬಿಷ್ ಆಲ್ಬ್ ಬೆಟ್ಟಸಾಲಿನ ಮೇಲಕ್ಕೆ ಹತ್ತುವ ರಸ್ತೆಯಂಥ ಕಡೆ ಓಡಿಸಬೇಕು. ಚಾರ್ಮಾಡಿ ಘಾಟಿಯಷ್ಟು ಉದ್ದವಿಲ್ಲದಿದ್ದರೂ ತಿರುವುಗಳ ಸ್ವಭಾವ ಅಂಥದ್ದೇ: ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಾಡು, ನಡುವೆ ತನ್ನ ಮೇಲೇ ಮಡಚಿಕೊಂಡಂತಿರುವ ರಸ್ತೆ. ತಿರುವಿಗೆ ಮುಂಚೆ ಬ್ರೇಕ್ ಒತ್ತಿ ಸ್ಟೀರಿಂಗ್ ತಿರುಗಿಸಿದರೆ ಮೂತಿ ತಡಮಾಡದೆ ಒಳಗೆ ತಿರುಗುತ್ತದೆ, ಹಿಂಭಾಗ ಅದರ ಜೊತೆಗೇ ಬರುತ್ತದೆ. ತಿರುವಿನ ನಡುವೆ ಡಾಂಬರು ಒರಟಾದರೆ, ಒದ್ದೆಯಾದರೆ ಅದು ಅಂಗೈಗೆ ತಿಳಿಯುತ್ತದೆ. ಈ ಪೀಳಿಗೆಯ ಸ್ಟೀರಿಂಗ್ ಇನ್ನೂ ಹೈಡ್ರಾಲಿಕ್ ಆಗಿತ್ತು. 2012ರಲ್ಲಿ ಬಂದ ಮುಂದಿನ ಪೀಳಿಗೆ 981ರಿಂದ ಮೋಟಾರಿನ ನೆರವಿನ ಸ್ಟೀರಿಂಗ್ ಬಂತು. ಅದೂ ಒಳ್ಳೆಯದೇ, ಆದರೆ ರಸ್ತೆಯ ಸಣ್ಣ ಸುದ್ದಿಗಳು ಅದರಲ್ಲಿ ಇಷ್ಟು ಸ್ಪಷ್ಟವಾಗಿ ಕೈಗೆ ಬರುವುದಿಲ್ಲ.

ನನ್ನ ವಾದ ನಿಂತಿರುವುದು ಇಲ್ಲಿಯೇ. ಈ ಕಾರಿನ ಸುಖದ ಬಹುಪಾಲು ಇರುವುದು ಸ್ಟೀರಿಂಗ್‌ನಲ್ಲಿ, ಬ್ರೇಕಿನಲ್ಲಿ ಮತ್ತು ಆ ಸಮತೋಲದಲ್ಲಿ. ಎಡಗಾಲಿಗೆ ಕೆಲಸವಿಲ್ಲದಿದ್ದರೆ ಆ ಸುಖ ಕಡಿಮೆಯಾಗುವುದಿಲ್ಲ. ಬದಲಿಗೆ, ಕಡಿದಾದ ತಿರುವಿನಲ್ಲಿ ಎರಡೂ ಕೈಗಳು ಸ್ಟೀರಿಂಗ್ ಮೇಲೇ ಇರುವುದರಿಂದ ಗಮನ ಪೂರ್ತಿಯಾಗಿ ರಸ್ತೆಯ ಕಡೆಗೆ ಉಳಿಯುತ್ತದೆ.

ಪಿಡಿಕೆ ಹಳೆಯ ಅರ್ಥದ ಆಟೊಮ್ಯಾಟಿಕ್ ಅಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. 986ರಲ್ಲಿಯೂ 987ರ ಮೊದಲ ಅವಧಿಯಲ್ಲಿಯೂ ಇದ್ದ ಐದು ಗೇರಿನ ಟಿಪ್‌ಟ್ರಾನಿಕ್‌ನಲ್ಲಿ ಎಂಜಿನ್ನಿನ ಶಕ್ತಿ ಟಾರ್ಕ್ ಕನ್ವರ್ಟರ್‌ನ ಎಣ್ಣೆಯ ಮೂಲಕ ಗೇರಿಗೆ ಸಾಗುತ್ತಿತ್ತು. ಆಕ್ಸಿಲರೇಟರ್ ಒತ್ತಿದ ಮೇಲೆ ಒಂದು ಕ್ಷಣ ಯೋಚಿಸಿ ಹೊರಡುವ ಅಭ್ಯಾಸ ಅದಕ್ಕಿತ್ತು. 2009ರ ಮಾದರಿಯಿಂದ ಅದರ ಜಾಗಕ್ಕೆ ಬಂದ ಪಿಡಿಕೆಯಲ್ಲಿ ಏಳು ಗೇರುಗಳು, ಎರಡು ಕ್ಲಚ್‌ಗಳು. ಒಂದು, ಮೂರು, ಐದು, ಏಳನೆಯ ಗೇರುಗಳು ಮತ್ತು ರಿವರ್ಸ್ ಒಂದು ಕ್ಲಚ್‌ಗೆ ಸೇರಿದರೆ, ಎರಡು, ನಾಲ್ಕು, ಆರು ಇನ್ನೊಂದಕ್ಕೆ. ನೀವು ಮೂರನೆಯ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ ಬಿಡುವ ಹೊತ್ತಿಗೇ ಮತ್ತೊಂದು ಹಿಡಿಯುವುದರಿಂದ ಎಳೆತ ಎಲ್ಲಿಯೂ ಕಡಿಯುವುದಿಲ್ಲ. ಈ ವ್ಯವಸ್ಥೆಯನ್ನು ಪೋರ್ಷೆ 1980ರ ದಶಕದಲ್ಲಿಯೇ 956 ಮತ್ತು 962 ರೇಸ್ ಕಾರುಗಳಲ್ಲಿ ಪಳಗಿಸಿತ್ತು. ಟರ್ಬೊ ಎಂಜಿನ್ನಿನಲ್ಲಿ ಗೇರ್ ಬದಲಿಸುವಾಗ ಟರ್ಬೊದ ಗಾಳಿಯ ಒತ್ತಡ ಇಳಿಯಬಾರದು ಎಂಬುದೇ ಆಗ ಅದರ ಮುಖ್ಯ ಪ್ರಯೋಜನವಾಗಿತ್ತು. ಕಂಪನಿಯೇ ಕೊಡುವ ಅಂಕಿಗಳಲ್ಲಿ ಕೂಡ ಸೊನ್ನೆಯಿಂದ 100 ಕಿ.ಮೀ. ವೇಗ ಮುಟ್ಟುವುದರಲ್ಲಿ ಪಿಡಿಕೆ ಇರುವ ಬಾಕ್ಸ್ಟರ್ ಮ್ಯಾನುಯಲ್‌ಗಿಂತ ಮುಂದಿದೆ. ಆರನೆಯ ಗೇರಿನಲ್ಲಿಯೇ ಗರಿಷ್ಠ ವೇಗ ಸಿಗುತ್ತದೆ. ಏಳನೆಯದು ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ ಪೆಟ್ರೋಲ್ ಉಳಿಸುವುದಕ್ಕೆ.

ದೋಷಗಳಿಲ್ಲವೇ? ಇವೆ, ಅವುಗಳಲ್ಲಿ ಒಂದಂತೂ ದಿನವೂ ಕೈಗೆ ತಾಕುವಂಥದ್ದು. ಕೈಯಿಂದ ಗೇರ್ ಬದಲಿಸಬೇಕೆಂದರೆ ಸ್ಟೀರಿಂಗ್‌ನ ಅಡ್ಡಕಡ್ಡಿಗಳ ಮೇಲೆ ಎರಡು ಗುಂಡಿಗಳಿವೆ. ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ ಮೇಲಿನ ಗೇರು, ಹಿಂದಿನಿಂದ ಬೆರಳಿನಲ್ಲಿ ಎಳೆದರೆ ಕೆಳಗಿನ ಗೇರು; ಎಡಗೈಯ ಗುಂಡಿ, ಬಲಗೈಯ ಗುಂಡಿ ಎರಡೂ ಒಂದೇ ಕೆಲಸ ಮಾಡುತ್ತವೆ. ಸ್ಟೀರಿಂಗ್ ಅರ್ಧ ತಿರುಗಿರುವಾಗ ಬೆರಳಿಗೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಸಲೀಸಾಗಿ ಹೊಳೆಯುವುದಿಲ್ಲ. ಬಲಕ್ಕೆ ಮೇಲಿನದು, ಎಡಕ್ಕೆ ಕೆಳಗಿನದು ಎಂಬ ಸರಳ ಕ್ರಮದ ಪ್ಯಾಡಲ್‌ಗಳಿರುವ ಸ್ಟೀರಿಂಗನ್ನು ಕಂಪನಿ ಮುಂದೆ ಹೆಚ್ಚುವರಿ ಬೆಲೆಗೆ ಕೊಟ್ಟಿತು. ಸೆಕೆಂಡ್‌ಹ್ಯಾಂಡ್ ಕಾರು ನೋಡುವವರು ಆ ಸ್ಟೀರಿಂಗ್ ಇರುವ ಕಾರಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎರಡನೆಯ ದೋಷ ಗೇರ್ ಆರಿಸುವ ಬುದ್ಧಿಯದ್ದು. ಸಾಮಾನ್ಯ ಸ್ಥಿತಿಯಲ್ಲಿ ಅದು ಪೆಟ್ರೋಲ್ ಉಳಿಸುವ ಆತುರದಲ್ಲಿ ಊರೊಳಗಿನ ವೇಗದಲ್ಲಿಯೇ ಮೇಲಿನ ಗೇರುಗಳಿಗೆ ಏರಿ ಕುಳಿತುಬಿಡುತ್ತದೆ; ಎದುರಿನ ವಾಹನವನ್ನು ದಾಟಲು ಒತ್ತಿದಾಗ ಒಮ್ಮೆಗೆ ಮೂರು ನಾಲ್ಕು ಗೇರು ಇಳಿಯಬೇಕಾಗುತ್ತದೆ. ಸ್ಪೋರ್ಟ್ ಪ್ಲಸ್ ಹಾಕಿದರೆ ಗೇರನ್ನು ಬಿಡುವುದೇ ಇಲ್ಲ, ಎಂಜಿನ್ ಕೂಗುತ್ತಲೇ ಇರುತ್ತದೆ. ನಡುವಿನ ಸ್ಪೋರ್ಟ್ ಗುಂಡಿಯೇ ಬೆಟ್ಟದ ರಸ್ತೆಗಳಿಗೆ ತಕ್ಕದ್ದು. ಆದರೆ ಈ ಗುಂಡಿಗಳಿರುವುದು ಸ್ಪೋರ್ಟ್ ಕ್ರೋನೊ ಪ್ಯಾಕೇಜ್ ಇರುವ ಕಾರುಗಳಲ್ಲಿ. ಡ್ಯಾಶ್‌ಬೋರ್ಡ್ ಮೇಲೆ ನಟ್ಟನಡುವೆ ಗಡಿಯಾರ ಕಂಡರೆ ಆ ಪ್ಯಾಕೇಜ್ ಇದೆ ಎಂದು ತಿಳಿಯಬಹುದು. ಪಿಡಿಕೆ ಕೊಳ್ಳುವವರು ಅದಿಲ್ಲದ ಕಾರನ್ನು ಕೊಳ್ಳದಿರುವುದೇ ಲೇಸು. ಇಳಿಜಾರಿನಲ್ಲಿ ಇಂಚಿಂಚಾಗಿ ರಿವರ್ಸ್ ಪಾರ್ಕ್ ಮಾಡುವಾಗ ಕ್ಲಚ್ ಹಿಡಿದು ಬಿಡುವ ಸಣ್ಣ ತಡವರಿಕೆಯೂ ಇದೆ. ಆ ಒಂದು ಕೆಲಸದಲ್ಲಿ ಹಳೆಯ ಟಿಪ್‌ಟ್ರಾನಿಕ್ ನಯವಾಗಿತ್ತು.

ಇನ್ನು ದಿನಬಳಕೆ. ಎಂಜಿನ್ ನಡುವೆ ಇರುವುದರಿಂದ ಮುಂದೆ ಒಂದು, ಹಿಂದೆ ಒಂದು, ಹೀಗೆ ಎರಡು ಡಿಕ್ಕಿಗಳು. ಮುಂದಿನದು 150 ಲೀಟರಿನ ಆಳವಾದ ಗುಂಡಿ, ವಿಮಾನದಲ್ಲಿ ಕೈಯಲ್ಲಿ ಒಯ್ಯುವಂಥ ಸೂಟ್‌ಕೇಸ್ ನಿಲ್ಲಿಸಿ ಇಡಬಹುದು. ಹಿಂದಿನದು ಅಗಲ, ಆದರೆ ಆಳವಿಲ್ಲ, ಎಂಜಿನ್ನಿನ ಬಿಸಿಯೂ ಸ್ವಲ್ಪ ತಟ್ಟುತ್ತದೆ. ಇಬ್ಬರ ಒಂದು ವಾರದ ಪ್ರವಾಸಕ್ಕೆ ಇಷ್ಟು ಸಾಕು. ಧಾರವಾಡದಿಂದ ಬಂದಿದ್ದ ಸೋದರಮಾವ ಎರಡೂ ಡಿಕ್ಕಿ ತೆಗೆಸಿ ನೋಡಿ, “ಎಂಜಿನ್ ಎಲ್ಲೈತೋ ತಮ್ಮಾ?” ಎಂದು ಕೇಳಿದರು. ತೋರಿಸುವುದಕ್ಕೆ ಕಾಣುವುದು ಹಿಂದಿನ ಡಿಕ್ಕಿಯ ಅಂಚಿನಲ್ಲಿರುವ ಎರಡು ಮುಚ್ಚಳಗಳು ಮಾತ್ರ, ಒಂದು ಆಯಿಲ್ ಹಾಕುವುದಕ್ಕೆ, ಇನ್ನೊಂದು ಕೂಲೆಂಟ್ ಹಾಕುವುದಕ್ಕೆ. ಆಯಿಲ್ ಮಟ್ಟ ನೋಡುವ ಕಡ್ಡಿಯೂ ಇಲ್ಲ. ಮೀಟರಿನ ಪರದೆಯಲ್ಲಿಯೇ ನೋಡಬೇಕು. ಎಂಜಿನ್ನನ್ನು ಕಣ್ಣಾರೆ ಕಾಣಬೇಕಾದರೆ ಟಾಪನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ ಒಳಗಿನ ಹಲಗೆ ಬಿಚ್ಚಬೇಕು. ಬಟ್ಟೆಯ ಟಾಪ್ 50 ಕಿ.ಮೀ. ವೇಗದವರೆಗೆ ಓಡುತ್ತಿರುವಾಗಲೇ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ. ಬೇಸಿಗೆಯ ಸಂಜೆ ದಿಢೀರನೆ ಮಳೆ ಹನಿಯುವ ಈ ನಾಡಿನಲ್ಲಿ ಇದು ನಿಜಕ್ಕೂ ಉಪಕಾರಿ. ಸೀಟುಗಳ ಹಿಂದಿನ ಗಾಳಿತಡೆ ಇದ್ದರೆ ಟಾಪ್ ತೆಗೆದು 100ರ ವೇಗದಲ್ಲಿ ಹೋಗುವಾಗಲೂ ಪಕ್ಕದವರೊಂದಿಗೆ ಮಾತಾಡಬಹುದು. ಮೈಲೇಜ್ ನನಗೆ ಲೀಟರಿಗೆ ಹತ್ತು ಕಿ.ಮೀ. ಆಸುಪಾಸು ಸಿಗುತ್ತದೆ.

ಹಳೆಯ ಬಾಕ್ಸ್ಟರ್ ಎಂದ ಕೂಡಲೇ ಬಲ್ಲವರು ಹೆದರುವುದು ಎಂಜಿನ್ನೊಳಗೆ ತಿರುಗುವ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡದ ಬೇರಿಂಗ್‌ಗೆ. 986ರಲ್ಲಿಯೂ 987ರ ಮೊದಲ ವರ್ಷಗಳಲ್ಲಿಯೂ ಇದ್ದ ಆ ಬೇರಿಂಗ್ ಒಡೆದರೆ ಎಂಜಿನ್ನೇ ಹೋಯಿತೆಂದು ತಿಳಿಯಬೇಕು. 2009ರಲ್ಲಿ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟ್ ಇಲ್ಲವೇ ಇಲ್ಲ. ಪಿಡಿಕೆ ಬಂದದ್ದೂ ಅದೇ ವರ್ಷವಾದ್ದರಿಂದ, ಪಿಡಿಕೆ ಇರುವ ಯಾವ ಬಾಕ್ಸ್ಟರ್‌ಗೂ ಈ ಭಯವಿಲ್ಲ. ಆದರೆ ಗೇರ್‌ಬಾಕ್ಸ್ ಕೈಕೊಟ್ಟರೆ ಖರ್ಚು ಭಾರಿ. ಅದರಲ್ಲಿ ಕ್ಲಚ್‌ಗಳಿಗೊಂದು, ಗೇರುಗಳಿಗೊಂದು ಎಂದು ಎರಡು ಬೇರೆ ಬೇರೆ ಆಯಿಲ್‌ಗಳಿವೆ, ಅವುಗಳ ಅವಧಿಯೂ ಬೇರೆ. ಸರ್ವಿಸ್ ಪುಸ್ತಕದಲ್ಲಿ ಇವೆರಡರ ದಾಖಲೆ ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೈಹಾಕಬಾರದು. ಮುಂದಿನ ಬಂಪರಿನ ಎಡಬಲದ ಕಿಂಡಿಗಳೊಳಗೆ ಟಾರ್ಚ್ ಬಿಟ್ಟು ನೋಡಿ: ರೇಡಿಯೇಟರ್‌ಗಳಿರುವುದು ಅಲ್ಲಿ, ಶರತ್ಕಾಲದ ತರಗೆಲೆ ಕೊಳೆತು ಅವುಗಳನ್ನು ತಿನ್ನುತ್ತದೆ. ಟಾಪಿನ ಬುಡದ ನೀರುಕಿಂಡಿಗಳೂ ಎಲೆಯಿಂದ ಕಟ್ಟಿಕೊಂಡರೆ ಮಳೆನೀರು ಸೀಟಿನಡಿಗೆ ಇಳಿಯುತ್ತದೆ, ಕಾರ್ಪೆಟ್ ಒತ್ತಿ ನೋಡಿದರೆ ತೇವ ತಿಳಿಯುತ್ತದೆ. ಈ ಪೀಳಿಗೆಯ ಅನೇಕ ಕಾರುಗಳು ತಯಾರಾದದ್ದು ಸ್ಟುಟ್‌ಗಾರ್ಟ್‌ನಲ್ಲಲ್ಲ, ಫಿನ್‌ಲೆಂಡಿನ ಊಸಿಕೌಪುಂಕಿಯ ವಾಲ್ಮೆಟ್ ಕಾರ್ಖಾನೆಯಲ್ಲಿ. ಕೆಲವರು ಇದನ್ನು ಕೊರತೆಯೆಂಬಂತೆ ಎಣಿಸುತ್ತಾರೆ. ಎರಡೂ ಕಡೆಯ ಕಾರುಗಳನ್ನು ನೋಡಿದ ನನಗೆ ಕೆಲಸದಲ್ಲಿ ವ್ಯತ್ಯಾಸ ಕಂಡಿಲ್ಲ.

ಬೆಂಗಳೂರಿನ ಗೆಳೆಯರು ಆಗಾಗ ಈ ಕಾರಿನ ಬಗ್ಗೆ ವಿಚಾರಿಸುವುದುಂಟು. ಭಾರತಕ್ಕೆ 2017ರಲ್ಲಿ ಬಂದ 718 ಬಾಕ್ಸ್ಟರ್‌ಗೆ ಪಿಡಿಕೆ ಗೇರ್‌ಬಾಕ್ಸೇ ಇತ್ತು, ಆದರೆ ಎಂಜಿನ್ ನಾಲ್ಕು ಸಿಲಿಂಡರಿನ 2 ಲೀಟರ್ ಟರ್ಬೊ. 300 ಅಶ್ವಶಕ್ತಿಯ ಆ ಎಂಜಿನ್ ನನ್ನ ಕಾರಿಗಿಂತ ಎಷ್ಟೋ ಜೋರು, ಕೆಳಗಿನ ಆರ್‌ಪಿಎಂನಲ್ಲೇ ಎಳೆಯುತ್ತದೆ. ಆರು ಸಿಲಿಂಡರಿನ ಎಂಜಿನ್ 5,000 ಆರ್‌ಪಿಎಂ ದಾಟಿದ ಮೇಲೆ ಬೆನ್ನ ಹಿಂದೆ ಏರುತ್ತಾ ಹೋಗುವ ಆ ಲೋಹದ ನಾದವನ್ನು ಮಾತ್ರ ಅದು ಕೊಡಲಾರದು. ನಮ್ಮ ಊರುಗಳ ಹಂಪ್‌ಗಳ ಮೇಲೆ ಇಷ್ಟು ತಗ್ಗಾದ ಕಾರಿನ ಹೊಟ್ಟೆ ತಾಗದಂತೆ ನೋಡಿಕೊಳ್ಳುವುದು ಬೇರೆಯೇ ಪಾಡು.

ಪಿಡಿಕೆ ಬಂದ ಮೇಲಿನ 987ರಲ್ಲಿ ಮುಖ್ಯವಾಗಿ ಎರಡು ಎಂಜಿನ್‌ಗಳ ಆಯ್ಕೆಯಿದೆ: 255 ಅಶ್ವಶಕ್ತಿಯ 2.9 ಲೀಟರ್ ಮತ್ತು ‘ಎಸ್’ ಮಾದರಿಯ 310 ಅಶ್ವಶಕ್ತಿಯ 3.4 ಲೀಟರ್. ವೇಗದ ಮಿತಿಯಿಲ್ಲದ ಹೆದ್ದಾರಿಯಾದ ಆಟೊಬಾನ್ ಮೇಲೆ ಎಸ್ ಮುಂದಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್‌ವರೆಗೆ ಬ್ಲ್ಯಾಕ್ ಫಾರೆಸ್ಟ್ ನೆತ್ತಿಯ ಮೇಲೆ ಸಾಗುವ ರಸ್ತೆಯಲ್ಲಿ 2.9ರ ಎಂಜಿನ್ನನ್ನು ಕೊನೆಯವರೆಗೆ ದುಡಿಸಲು ಅವಕಾಶವಿದೆ, ಎಸ್‌ನಲ್ಲಿ ಅಷ್ಟರೊಳಗೆ ವೇಗದ ಮಿತಿ ಮೀರಿರುತ್ತದೆ. ಮೇಲಾಗಿ 3.4ರಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುವುದರಿಂದ ವಾಲ್ವ್‌ಗಳ ಬೆನ್ನ ಮೇಲೆ ಕಾಲಕ್ರಮೇಣ ಮಸಿ ಕೂರುತ್ತದೆ, 2.9ರಲ್ಲಿ ಪೆಟ್ರೋಲ್ ಹಳೆಯ ಕ್ರಮದಂತೆ ವಾಲ್ವ್ ಮುಂದೆಯೇ ಚಿಮ್ಮಿ ಅವುಗಳನ್ನು ತೊಳೆಯುತ್ತಿರುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ, ಸ್ಪೋರ್ಟ್ ಕ್ರೋನೊ ಮತ್ತು ಪ್ಯಾಡಲ್‌ಗಳಿರುವ 2.9 ಪಿಡಿಕೆ ಕಾರನ್ನೇ ಹುಡುಕಿ. ಸಿಗುವುದು ಕಷ್ಟ, ಆದರೆ ಸಿಗುತ್ತದೆ.